ಮೂರನೆಯ ಕಾಲಂ

ಹೇಳುವುದಾದರೆ ಬೆಳಿಗ್ಗೆ ಮೊದಲ ಅವಧಿಯಲ್ಲೇ ಹೇಳಿಬಿಡಬೇಕು, ಎಲ್ಲರ ತಲೆ ಇನ್ನೂ ತಿಳಿಯಾಗಿರುವಾಗ. ಆದರೆ ಮೊದಲ ಅವಧಿಯಲ್ಲಿ ಹೇಳಿದರೆ ಉಳಿದ ದಿನವೆಲ್ಲ ಮೂವತ್ತೊಂದು ಜನ ಪಾಠ ಬಿಟ್ಟು ತನ್ನ ಮುಖವನ್ನೇ ನೋಡುತ್ತಾರೆ. ಹಾಗಾದರೆ ಕೊನೆಯಲ್ಲಿ. ಕೊನೆಯಲ್ಲಿ ಎಲ್ಲರೂ ಚೀಲ ಹೆಗಲಿಗೇರಿಸಿಕೊಂಡು ಬಾಗಿಲ ಕಡೆ ಕಣ್ಣು ನೆಟ್ಟಿರುತ್ತಾರೆ, ಆಗ ಹೇಳಿದ್ದು ಹೇಳಿದ ಹಾಗಾಗುತ್ತದೆಯೇ? ಅಥವಾ ಇವರಿಗೆಲ್ಲ ಯಾಕೆ, ಅಕ್ಕನೊಬ್ಬಳಿಗೆ ಹೇಳಿದರೆ ಸಾಲದೇ? ಸಾಲದು. ಅವಳ ಮರ್ಯಾದೆ ಹೋದದ್ದು ಹತ್ತು ಜನರ ಎದುರಿಗೆ. ಅದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಪಿಸುಮಾತಿನಲ್ಲಿ ವಾಪಸು ಕೊಡಲು ಬರುವುದಿಲ್ಲ.

ತರಬೇತಿ ಕೇಂದ್ರದ ಮೆಟ್ಟಿಲು ಹತ್ತುವಷ್ಟರಲ್ಲಿ ಅವನು ಇದನ್ನೇ ನಾಲ್ಕು ಬಾರಿ ಹಿಂದೆ ಮುಂದೆ ಮಾಡಿ ಮುಗಿಸಿದ್ದ.

ನಿನ್ನೆ ಮಧ್ಯಾಹ್ನ ಕೈಗೆ ಬಂದ ಪಟ್ಟಿಯಲ್ಲಿ ಇಪ್ಪತ್ತೇಳನೆಯ ಹೆಸರು ಅಕ್ಕನದು. ಓದು ಬರಹ ಕಲಿಸುವ ಶಿಕ್ಷಕರು ವರ್ಷಕ್ಕೆ ಇಪ್ಪತ್ತು ಗಂಟೆ ತರಬೇತಿ ಮುಗಿಸಲೇಬೇಕು ಎಂಬುದು ನಿಯಮ. ಅಕ್ಕ ಹನ್ನೊಂದು ದಿನದಲ್ಲಿ ನಿವೃತ್ತಳಾಗುವವಳು. ಆದರೆ ನಿಯಮಕ್ಕೆ ಅದೆಲ್ಲ ಗೊತ್ತಾಗುವುದಿಲ್ಲ. ಅವಳದು ಇನ್ನೂ ಆರು ಗಂಟೆ ಉಳಿದಿತ್ತು. ಆ ಆರು ಗಂಟೆಯನ್ನು ಅವಳು ಈ ದಿನ, ಈ ಕೋಣೆಯಲ್ಲಿ, ತಮ್ಮನ ಪಾಠ ಕೇಳಿ ತೀರಿಸಬೇಕಾಗಿತ್ತು.

ಬೆಳಿಗ್ಗೆ ಹೆಂಡತಿ ಅವನ ಬಟ್ಟೆಗೆ ಇಸ್ತ್ರಿ ಹಾಕುತ್ತಾ ಕೇಳಿದ್ದಳು. "ಇವತ್ತಾದ್ರೂ ಹೇಳ್ತೀರಾ?"

"ನೋಡೋಣ."

"ಆರು ವರ್ಷದಿಂದ ನೋಡ್ತಾನೇ ಇದ್ದೀರಿ. ಒಂದ್ಸಲ ಕಣ್ಣಿನ ಡಾಕ್ಟರಿಗಾದ್ರೂ ತೋರಿಸಿ."

ಅವನು ನಗಲಿಲ್ಲ. ಅವಳೂ ನಗಿಸಲು ಹೇಳಿದ್ದಲ್ಲ.

ಅವನಿಗೆ ಓದು ಬಂದದ್ದು ತಡವಾಗಿ. ಏಳು ವರ್ಷ ತುಂಬಿದರೂ ಅಕ್ಷರಗಳು ಒಂದರ ಪಕ್ಕ ಒಂದು ನಿಲ್ಲುತ್ತಿದ್ದವೇ ಹೊರತು ಕೈಹಿಡಿದು ಪದವಾಗುತ್ತಿರಲಿಲ್ಲ. ಶಾಲೆಯಿಂದ ಚೀಟಿ ಬಂತು: ಹುಡುಗನನ್ನು ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸುವುದು ಒಳ್ಳೆಯದು. ಅವನಿಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳಾದ ಅಕ್ಕ ಆ ಚೀಟಿಯನ್ನು ಮಡಿಸಿ ಅಲುಗಾಡುವ ಮೇಜಿನ ಕಾಲಡಿಗೆ ಕೊಟ್ಟಳು. ಅದೇ ಮೇಜಿನ ಮೇಲೆ ಪುಸ್ತಕ ಬಿಚ್ಚಿ ತಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಅವಳ ಕೈಯಲ್ಲೊಂದು ಮೊಂಡು ಪೆನ್ಸಿಲ್. ಅದನ್ನು ಪದದ ಕೆಳಗೆ ಇಟ್ಟಳೆಂದರೆ ಮುಗಿಯಿತು. ಅವನ ಬಾಯಿಂದ ಪದ ಹೊರಡುವವರೆಗೆ ಪೆನ್ಸಿಲ್ ಅಲ್ಲಾಡುತ್ತಿರಲಿಲ್ಲ. ಹೇಳಿಕೊಡುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಅವನ ಮುಖವನ್ನು ಸಹ ನೋಡುತ್ತಿರಲಿಲ್ಲ. ಅವನ ಜೊತೆಗೆ ತಾನೂ ಆ ಪದವನ್ನೇ ನೋಡುತ್ತಾ ಕೂರುತ್ತಿದ್ದಳು.

ಪಕ್ಕದಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ಅಮ್ಮನಿಗೆ ಸಹನೆ ಕೆಡುತ್ತಿತ್ತು. "ಹೇಳಿಬಿಡೇ, ಪಾಪ. ಎಷ್ಟೊತ್ತು ಒದ್ದಾಡುತ್ತೆ ಮಗು."

"ಇರಮ್ಮಾ. ಬರ್ತಾ ಇದಾನೆ."

"ಅವನು ಬರೋಷ್ಟರಲ್ಲಿ ನಾನು ಇನ್ನೆರಡು ಅಂಗಿ ಹೊಲಿದು ಗುಂಡಿನೂ ಹಚ್ಚಿರ್ತೀನಿ."

ಆದರೆ ಅವನು ಬರುತ್ತಿದ್ದ. ಒಂದೊಂದು ಪದಕ್ಕೂ ದೂರದಿಂದ ನಡೆದು ಬಂದವನ ಹಾಗೆ, ಬೆವರಿಕೊಂಡು ಬರುತ್ತಿದ್ದ. ಒಮ್ಮೆ ಈ ಕಷ್ಟವೇ ಬೇಡವೆಂದು ಅವನು ಇಡೀ ಪಾಠವನ್ನು ಪಕ್ಕದ ಮನೆಯ ಹುಡುಗಿಯಿಂದ ಕೇಳಿ ಬಾಯಿಪಾಠ ಮಾಡಿಕೊಂಡು ಬಂದು ಸರಾಗವಾಗಿ ಒಪ್ಪಿಸಿದ. ಅಕ್ಕ ಕೊನೆಯವರೆಗೂ ಕೇಳಿದಳು. ಆಮೇಲೆ ಪೆನ್ಸಿಲನ್ನು ಮೆಲ್ಲಗೆ ಪುಟದ ನಟ್ಟನಡುವಿನ ಒಂದು ಪದದ ಕೆಳಗೆ ಇಟ್ಟಳು. ಅವನು ಬಾಯಿ ಬಿಡಲಿಲ್ಲ. ಪೆನ್ಸಿಲ್ ಅಲ್ಲೇ ಇತ್ತು.

ಮುಂದಿನ ವರ್ಷ ಅಕ್ಕ ಶಿಕ್ಷಕಿಯಾದಳು. ಮೂವತ್ತಕ್ಕೂ ಹೆಚ್ಚು ವರ್ಷ ಒಂದನೇ ತರಗತಿ ಬಿಟ್ಟು ಕದಲಲಿಲ್ಲ. ಬಹಳ ವರ್ಷದ ಮೇಲೆ ತಮ್ಮನೂ ಅದೇ ಕೆಲಸಕ್ಕೆ ಬಂದ, ಆದರೆ ತರಗತಿಯಲ್ಲಿ ಹೆಚ್ಚು ದಿನ ಉಳಿಯಲಿಲ್ಲ. ಮಾತು ಚೆನ್ನಾಗಿತ್ತು, ವರದಿ ಬರೆಯಲು ಬರುತ್ತಿತ್ತು, ಮೇಲಿನವರ ಕಣ್ಣಿಗೆ ಬಿದ್ದ. ಶಾಲೆಯಿಂದ ಶಾಲೆಗೆ ಹೋಗಿ ಪಾಠ ನೋಡಿ ಅಂಕ ಹಾಕುವ ಕೆಲಸ ಕೊಟ್ಟರು.

ಆ ಕೆಲಸಕ್ಕೊಂದು ಫಾರಂ ಇತ್ತು. ನಲವತ್ತು ಸಾಲು, ಮೂರು ಕಾಲಂ. ಮೊದಲನೆಯದು, ಶಿಕ್ಷಕರು ಕಲಿಸುತ್ತಿದ್ದಾರೆ. ಎರಡನೆಯದು, ಮಕ್ಕಳು ಓದುತ್ತಿದ್ದಾರೆ ಅಥವಾ ಬರೆಯುತ್ತಿದ್ದಾರೆ. ಮೂರನೆಯದು, ಯಾರೂ ಏನೂ ಮಾಡುತ್ತಿಲ್ಲ. ನೋಡಲು ಹೋದವನು ಹಿಂದಿನ ಬೆಂಚಿನಲ್ಲಿ ಕೈಗಡಿಯಾರ ಬಿಚ್ಚಿಟ್ಟುಕೊಂಡು ಕೂರಬೇಕು. ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬಂದ ಕೂಡಲೇ ತಲೆಯೆತ್ತಬೇಕು, ಆ ಕ್ಷಣದಲ್ಲಿ ಏನು ಕಂಡಿತೋ ಅದಕ್ಕೊಂದು ಗುರುತು ಹಾಕಿ ಮತ್ತೆ ಮುಳ್ಳಿನ ಕಡೆ ನೋಡಬೇಕು. ಹೀಗೆ ನಲವತ್ತು ಸಲ. ಅವನಿಗೆ ಈ ಕೆಲಸ ಹಿಡಿಸಿತ್ತು. ಮುಳ್ಳಿಗೆ ದಾಕ್ಷಿಣ್ಯವಿಲ್ಲ, ತನಗೂ ಬೇಡ ಎಂದುಕೊಂಡಿದ್ದ. ಶಿಕ್ಷಕರು ಬೆನ್ನ ಹಿಂದೆ ಅವನನ್ನು ಗಡಿಯಾರ ಸರ್ ಎಂದು ಕರೆಯುತ್ತಿದ್ದರು. ಗೊತ್ತಾದಾಗ ಒಳಗೊಳಗೇ ಹೆಮ್ಮೆಪಟ್ಟಿದ್ದ.

ಅಕ್ಕನ ಶಾಲೆಯ ಸರದಿ ಬಂದಾಗ ಬೇರೆಯವರನ್ನು ಕಳಿಸಿ ಎಂದು ಅವನು ಕೇಳಬಹುದಾಗಿತ್ತು. ಕೇಳಲಿಲ್ಲ. ಅಕ್ಕನೆಂದು ಬಿಟ್ಟ ಎನ್ನುವ ಮಾತು ಬರಬಾರದು ಎಂದು ಅಂದು ಮಾಮೂಲಿಗಿಂತ ಬಿಗಿಯಾಗಿ ಕೂತ. ಅಕ್ಕ ಅವನನ್ನು ಬಾಗಿಲಲ್ಲೇ ಎದುರುಗೊಂಡು, "ಬನ್ನಿ ಸರ್" ಎಂದಳು. ಮಕ್ಕಳ ಎದುರಿಗೆ ಹಾಗನ್ನಬೇಕಾದದ್ದೇ. ಆದರೂ ಆ ಬಹುವಚನ ಕಾಲಿಗೆ ಸಿಕ್ಕ ಮುಳ್ಳಿನ ಹಾಗೆ ಚುಚ್ಚಿತು.

ಪಾಠ ಶುರುವಾಯಿತು. ಅಕ್ಕ ಮೊದಲ ಸಾಲಿನ ಒಂದು ಪುಟ್ಟ ಹುಡುಗಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಪುಸ್ತಕದ ಮೇಲೆ ಪೆನ್ಸಿಲ್ ಇಟ್ಟಳು. ಉಳಿದ ಮಕ್ಕಳು ಸದ್ದಿಲ್ಲದೆ ತಮ್ಮ ತಮ್ಮ ಪುಟ ನೋಡುತ್ತಿದ್ದರು. ಮುಳ್ಳು ಹನ್ನೆರಡಕ್ಕೆ ಬಂತು, ಅವನು ತಲೆಯೆತ್ತಿದ. ಅಕ್ಕ ಸುಮ್ಮನಿದ್ದಳು, ಹುಡುಗಿ ಸುಮ್ಮನಿದ್ದಳು. ಮೂರನೆಯ ಕಾಲಂ. ಮತ್ತೆ ಮುಳ್ಳು ಬಂತು. ಮೂರನೆಯ ಕಾಲಂ. ಅವನಿಗೆ ಏನೂ ನೆನಪಾಗಲಿಲ್ಲವೇ? ಮೇಜು, ಹೊಲಿಗೆ ಯಂತ್ರದ ಸದ್ದು, ಮೊಂಡು ಪೆನ್ಸಿಲ್? ಈ ಪ್ರಶ್ನೆಯನ್ನು ಅವನು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದಾನೆ. ನೆನಪಾಗಿರಲಿಲ್ಲ ಎಂದರೆ ಸುಳ್ಳು. ನೆನಪಾದದ್ದಕ್ಕೇ ಕೈ ಇನ್ನಷ್ಟು ಬಿಗಿಯಾಯಿತು ಎಂಬುದು ನಿಜಕ್ಕೆ ಹತ್ತಿರ.

ನಲವತ್ತರಲ್ಲಿ ಹತ್ತೊಂಬತ್ತು ಗುರುತು ಮೂರನೆಯ ಕಾಲಂನಲ್ಲಿ ಬಿದ್ದವು. ಇಡೀ ವಲಯದಲ್ಲಿ ಅಷ್ಟು ಕೆಟ್ಟ ಹಾಳೆ ಇನ್ನೊಂದಿರಲಿಲ್ಲ. ಮುಖ್ಯೋಪಾಧ್ಯಾಯರು ಹೆದರುವ ಪೈಕಿ. ಶಿಕ್ಷಕರ ಸಭೆಯಲ್ಲಿ ಹಾಳೆಯನ್ನು ಗಟ್ಟಿಯಾಗಿ ಓದಿದರು. ಮುಂದಿನ ವಾರದಿಂದಲೇ ಒಂದನೇ ತರಗತಿ ಬೇರೆಯವರ ಪಾಲಾಯಿತು. ಅಕ್ಕನಿಗೆ ಪುಸ್ತಕದ ಕೋಣೆ ಕೊಟ್ಟರು: ಹರಿದದ್ದಕ್ಕೆ ಅಂಟು ಹಾಕುವುದು, ಹೊಸದಕ್ಕೆ ರಟ್ಟು ಹಾಕುವುದು, ಮುದ್ರೆ ಒತ್ತುವುದು.

ಆ ವಾರ ಅವನು ಅಕ್ಕನ ಮನೆಗೆ ಹೋಗಿ ಕುರ್ಚಿಯ ತುದಿಯಲ್ಲಿ ಕೂತಿದ್ದ. "ಹೇಗಿದೆ ಹೊಸ ಜಾಗ?" ಎಂದು ಕೇಳಿದ.

"ಧೂಳು ಸ್ವಲ್ಪ ಜಾಸ್ತಿ ಕಣೋ. ಮತ್ತೇನಿಲ್ಲ" ಎಂದಳು ಅಕ್ಕ. "ಟೀ ಕುಡೀತೀಯಾ?"

ಮಾತು ಅಷ್ಟಕ್ಕೇ ನಿಂತಿತು. ಆರು ವರ್ಷ ಅಲ್ಲೇ ನಿಂತಿದೆ.

ಎರಡು ವರ್ಷದ ಮೇಲೆ ಅವನನ್ನೇ ಒಂದು ತರಬೇತಿಗೆ ಕಳಿಸಿದರು. ಎಂಟು ದಿನದ್ದು. ಮೂರನೆಯ ದಿನ ಒಬ್ಬ ವಯಸ್ಸಾದ ತರಬೇತುದಾರೆ ಎದ್ದು ನಿಂತು, ಓದಲು ತಡವರಿಸುವ ಮಗುವಿಗೆ ಪದ ಹೇಳಿಕೊಡಬೇಡಿ, ಕಾಯಿರಿ, ಆ ಮೌನದಲ್ಲಿಯೇ ಮಗು ಕೆಲಸ ಮಾಡುತ್ತಿರುತ್ತದೆ ಎಂದು ಹೇಳಿದಳು. ಅವನ ಕಿವಿಗೆ ಬಿಸಿನೀರು ಹೊಯ್ದ ಹಾಗಾಯಿತು. ಉಳಿದ ಐದು ದಿನ ಅವನು ಏನು ಬರೆದುಕೊಂಡನೋ ಅವನಿಗೇ ಗೊತ್ತಿಲ್ಲ. ತಿರುಗಿ ಬಂದವನು ಮಾಡಬೇಕಾದ ಮೊದಲ ಕೆಲಸ ಯಾವುದೆಂದು ಸ್ಪಷ್ಟವಾಗಿತ್ತು. ಅವನು ಮಾಡಿದ್ದು ಎರಡನೆಯದು. ಅದೇ ವಿಷಯದ ಮೇಲೆ ಒಂದು ದಿನದ ತರಬೇತಿ ರೂಪಿಸಿದ. ಅದು ಹೆಸರು ಮಾಡಿತು. ಅವನೂ ಹೆಸರು ಮಾಡಿದ.

ತರಬೇತಿಯ ಕೋಣೆ ಎರಡನೆಯ ಮಹಡಿಯಲ್ಲಿತ್ತು. ಕಿಟಕಿಯ ಒಂದು ಬಾಗಿಲು ಮುಚ್ಚುತ್ತಿರಲಿಲ್ಲ, ಇನ್ನೊಂದು ತೆರೆಯುತ್ತಿರಲಿಲ್ಲ. ಬರೆಯಲು ಹಲಗೆ ಸೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು ಅರ್ಧಚಂದ್ರಾಕಾರದಲ್ಲಿದ್ದವು. ಅಕ್ಕ ಕೊನೆಯ ಸಾಲಿನಲ್ಲಿ, ತೆರೆಯದ ಕಿಟಕಿಯ ಪಕ್ಕ ಕೂತಿದ್ದಳು. ಬೆರಳ ತುದಿಯಲ್ಲಿ ಒಣಗಿದ ಅಂಟಿನ ಬಿಳಿ ಪೊರೆ. ಹಾಜರಿ ಹಾಳೆ ಹಿಡಿದು ಅವನು ಹತ್ತಿರ ಬಂದಾಗ ಎದ್ದು ನಿಲ್ಲಲು ಹೋದಳು.

"ಕೂತ್ಕೊ ಅಕ್ಕಾ" ಎಂದ, ತಗ್ಗಿದ ದನಿಯಲ್ಲಿ.

"ನಮಸ್ಕಾರ ಸರ್" ಎಂದಳು ಅಕ್ಕ, ಎಲ್ಲರಿಗೂ ಕೇಳುವಷ್ಟು. ಆಮೇಲೆ ಅವನಿಗೆ ಮಾತ್ರ ಕೇಳುವ ಹಾಗೆ, "ಕಾಲರ್ ಸರಿ ಮಾಡ್ಕೊ, ಒಂದು ಕಡೆ ಮೇಲೆದ್ದಿದೆ."

ಮೊದಲ ಅವಧಿ ಬಂತು, ಹೋಯಿತು. ಅವನು ಹೇಳಲಿಲ್ಲ. ಪರದೆಯ ಮೇಲೆ ಒಂದೊಂದೇ ಮಾತು ಮೂಡಿಸಿ ವಿವರಿಸಿದ. ಪದದ ಕೆಳಗೆ ಪೆನ್ಸಿಲ್ ಇಡಿ. ಮಗುವಿನ ಮುಖ ನೋಡಬೇಡಿ, ಪದ ನೋಡಿ. ಮಗು ಬರುತ್ತಿದೆ ಎಂದು ನಂಬಿ. ಕಾಯಬೇಕು ಎನ್ನುವುದಷ್ಟೇ ಆ ಎಂಟು ದಿನದ ತರಬೇತಿಯಿಂದ ಬಂದದ್ದು. ಮುಖ ನೋಡಬೇಡಿ ಎಂದು ಅಲ್ಲಿ ಯಾರೂ ಹೇಳಿರಲಿಲ್ಲ. ಅದು ಅಲುಗಾಡುವ ಮೇಜಿನಿಂದ ಬಂದದ್ದು. ಪರದೆಯ ಕೆಳಗಿನ ಮೂಲೆಯಲ್ಲಿ ಮಾತ್ರ ಅವನ ಹೆಸರಿತ್ತು. ಅಕ್ಕ ಮೂರನ್ನೂ ತನ್ನ ನೋಟುಪುಸ್ತಕದಲ್ಲಿ ದುಂಡಗೆ ಬರೆದುಕೊಂಡಳು. ಅವಳು ಬರೆದುಕೊಳ್ಳುವುದನ್ನು ನೋಡಲಾರದೆ ಅವನು ಕಿಟಕಿಯ ಕಡೆ ತಿರುಗಿದ.

ಮುಂದಿನ ಸಾಲಿನಲ್ಲಿ ಕಾಲು ನೀಡಿಕೊಂಡು ಕೂತಿದ್ದವರನ್ನು ಎಲ್ಲರೂ ಹಾಜರಿ ಮೇಷ್ಟ್ರು ಎನ್ನುತ್ತಿದ್ದರು, ಸಹಿ ಹಾಕಲಷ್ಟೇ ತರಬೇತಿಗೆ ಬರುತ್ತಾರೆಂದು. ಅವರು ಕೈಯೆತ್ತಿದರು. "ಸರ್, ಸುಮ್ನಿರೋದಕ್ಕೂ ತರಬೇತಿನಾ? ನಾನು ಇಪ್ಪತ್ತು ವರ್ಷದಿಂದ ತರಬೇತಿ ಇಲ್ದೇ ಸುಮ್ನಿದ್ದೀನಿ."

"ನಿಮ್ಮ ಮನೆಯವರು ಬೇರೆ ಥರ ಹೇಳ್ತಾರಲ್ಲ" ಎಂದರು ಹಿಂದಿನಿಂದ ಯಾರೋ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು.

ಆಮೇಲೆ ಕನ್ನಡಿ ಹಾಳೆ. ಇದು ಅವನ ತರಬೇತಿಯ ಹೆಸರಾದ ಭಾಗ. ಎಂಟು ಸಾಲಿನ ಒಂದು ಸಣ್ಣ ಕಥೆಯನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಅಚ್ಚು ಮಾಡಿಸಿ ಕೈಗೆ ಕೊಡುತ್ತಿದ್ದ. ಎಂಥ ಪಂಡಿತರೂ ಆ ಹಾಳೆ ಹಿಡಿದರೆ ಒಂದನೇ ತರಗತಿಯ ಮಗುವಿನ ಹಾಗೆ ತಡವರಿಸುತ್ತಿದ್ದರು. ಇಬ್ಬಿಬ್ಬರ ಜೋಡಿ, ಒಬ್ಬರು ಓದಬೇಕು, ಇನ್ನೊಬ್ಬರು ಪೆನ್ಸಿಲ್ ಇಟ್ಟು ಕಾಯಬೇಕು. ಮೂವತ್ತೊಂದು ಜನರಲ್ಲಿ ಹದಿನೈದು ಜೋಡಿಯಾದವು. ಕೊನೆಯ ಸಾಲಿನಲ್ಲಿ ಅಕ್ಕ ಒಬ್ಬಳೇ ಉಳಿದಳು.

"ಮೇಡಂ ಜೊತೆ ನೀವೇ ಕೂತ್ಕೊಳಿ ಸರ್" ಎಂದರು ಹಾಜರಿ ಮೇಷ್ಟ್ರು. "ನಿಮಗೂ ಸ್ವಲ್ಪ ಓದು ಬರಲಿ."

ಅವನು ಕುರ್ಚಿ ಎಳೆದುಕೊಂಡು ಕೂತ. ನಲವತ್ತು ವರ್ಷದ ಮೇಲೆ ಅಕ್ಕ ಅವನ ಎದುರಿನ ಹಾಳೆಯ ಮೇಲೆ ಪೆನ್ಸಿಲ್ ಇಟ್ಟಳು. ಅವನು ಓದಿದ. "ಕೊಡೆ ರಿಪೇರಿಯವನು ಬಿಸಿಲು ಕಂಡರೆ ಮುಖ ಸಿಂಡರಿಸುತ್ತಿದ್ದ. ಮೋಡ ಕಂಡರೆ..." ಎಷ್ಟು ಬಾರಿ ಈ ಹಾಳೆ ಹಂಚಿದ್ದನೋ, ಪ್ರತಿ ಅಕ್ಷರ ಬಾಯಿಗೆ ಬಂದಿತ್ತು. ಹೀಗೆ ಸರಾಗವಾಗಿ ಓದಬಾರದು ಎಂದು ಹೊಳೆದು ಮೂರನೆಯ ಸಾಲಿನಿಂದ ಬೇಕೆಂದೇ ತಡವರಿಸತೊಡಗಿದ. ಅಲ್ಲಲ್ಲಿ ನಿಂತ, ಉಗುಳು ನುಂಗಿದ. ಸುತ್ತಲೂ ಹದಿನೈದು ಜೋಡಿಗಳು ನಿಜವಾಗಿಯೇ ಒದ್ದಾಡುತ್ತಿದ್ದವು.

ಅಕ್ಕ ಪೆನ್ಸಿಲನ್ನು ಎತ್ತಿ ಹಾಳೆಯ ನಡುವಿನ ಒಂದು ಪದದ ಕೆಳಗೆ ಇಟ್ಟಳು. ಯಾವ ಸಾಲು, ಯಾವ ಪದ? ಕಥೆಯ ಓಟ ತಪ್ಪಿದ ಕೂಡಲೇ ತಿರುಗುಮುರುಗಾದ ಅಕ್ಷರಗಳು ಅವನಿಗೂ ಬರಿಯ ಗೀಚುಗಳಾದವು. ಪೆನ್ಸಿಲ್ ಕದಲಲಿಲ್ಲ.

"ಬಾಯಿಪಾಠ" ಎಂದಳು ಅಕ್ಕ ಮೆಲ್ಲಗೆ. ತುಟಿಯ ಮೂಲೆಯಲ್ಲಿ ನಗು ಇತ್ತು. "ಇನ್ನೂ ಬಿಟ್ಟಿಲ್ಲ ನೀನು."

ಆಗ ಹೇಳಬಹುದಾಗಿತ್ತು. ಗದ್ದಲದ ನಡುವೆ ಅವರಿಬ್ಬರೇ ಇದ್ದರು. "ಅಕ್ಕಾ, ಆವತ್ತಿನ ಹಾಳೆ..." ಎಂದು ಶುರುಮಾಡಿದ ಕೂಡ. ಅಷ್ಟರಲ್ಲಿ ಯಾರೋ "ಸರ್, ನಮ್ದು ಮುಗೀತು" ಎಂದು ಕೂಗಿದರು. ಅವನು ಎದ್ದು ಹೋದ. ಕೂಗಿದವರ ಬಗ್ಗೆ ಅವನಿಗೆ ಮೂಡಿದ್ದು ಸಿಟ್ಟಲ್ಲ, ಕೃತಜ್ಞತೆ. ಅದು ಗೊತ್ತಾಗಿ ನಾಚಿಕೆಯಾಯಿತು.

ಊಟದ ನಂತರ ಬರೆಯುವ ಅವಧಿ. ಬರೆಯಲು ಕಲಿಸುವವರು ತಾವೂ ಬರೆಯಬೇಕು ಎಂಬುದು ಕೇಂದ್ರದ ಪದ್ಧತಿ. 'ನೀವು ಕಾದ ಒಂದು ಗಳಿಗೆ' ಎಂದು ಹಲಗೆಯ ಮೇಲೆ ವಿಷಯ ಬರೆದ. ಅರ್ಧ ಗಂಟೆ, ಅರ್ಧ ಪುಟ. ಬರೆದವರು ತಂದು ಅವನ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು. ನಾಲ್ಕೈದನ್ನು ಆರಿಸಿ ಗಟ್ಟಿಯಾಗಿ ಓದುವುದು, ಅದರ ಮೇಲೆ ಮಾತಾಡುವುದು ವಾಡಿಕೆ.

ಅಕ್ಕನ ಹಾಳೆ ಮಡಿಕೆಯಿಲ್ಲದೆ ಬಂತು. ಅವನು ನಿಂತೇ ಓದಿದ.

"ಒಂದು ಸಲ ನನ್ನ ತರಗತಿ ನೋಡಲು ಮೇಲಿನಿಂದ ಬಂದಿದ್ದರು. ಆ ದಿನ ನಾನು ಒಂದು ಹುಡುಗಿಯ ಪಕ್ಕ ಕೂತಿದ್ದೆ. ಶಾಲೆಗೆ ಸೇರಿ ಏಳು ತಿಂಗಳಾದರೂ ಅವಳು ಒಂದು ಪದ ಗಟ್ಟಿಯಾಗಿ ಓದಿರಲಿಲ್ಲ. ಬಂದವರ ಎದುರು ಬೇರೆ ಚುರುಕು ಮಗುವನ್ನು ಓದಿಸಬಹುದಾಗಿತ್ತು. ಆದರೆ ಹುಡುಗಿಯ ತುಟಿ ಅಲ್ಲಾಡುತ್ತಿತ್ತು. ಅಂದೇ ಬರುತ್ತಾಳೆ ಅನ್ನಿಸಿತು. ಎದ್ದು ಹೋಗಲು ಮನಸ್ಸಾಗಲಿಲ್ಲ. ತುಂಬಾ ಹೊತ್ತು ಕಾದೆ. ಹುಡುಗಿ ಓದಿದಳು. ಒಂದು ಪದವಲ್ಲ, ಇಡೀ ಸಾಲು. ಬಹಳ ಸಣ್ಣ ದನಿ. ಬಂದವರು ಆಗ ಗಡಿಯಾರ ನೋಡುತ್ತಿದ್ದರು. ಅವರು ತಲೆಯೆತ್ತುವಷ್ಟರಲ್ಲಿ ಓದಿ ಮುಗಿದಿತ್ತು. ಅವರು ಕೇಳಿದ್ದರೆ ಚೆನ್ನಾಗಿತ್ತು. ಅವರಿಗೆ ಖುಷಿಯಾಗುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ. ಅವರೂ ಚಿಕ್ಕವರಿದ್ದಾಗ ಹಾಗೆಯೇ ಓದಿದವರು."

ಇಷ್ಟೇ. ಹುಡುಗಿ ಓದಿದ್ದು ಅವನಿಗೆ ಗೊತ್ತಿರಲಿಲ್ಲ. ಆರು ವರ್ಷ ಅವನು ಆ ಹತ್ತೊಂಬತ್ತು ಗುರುತುಗಳ ಬಗ್ಗೆ ಹಳಹಳಿಸಿದ್ದನೇ ಹೊರತು, ಗುರುತಿಗೂ ಗುರುತಿಗೂ ನಡುವೆ ಏನಾದರೂ ಆಗಿರಬಹುದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಐವತ್ತೊಂಬತ್ತು ಸೆಕೆಂಡು ತಲೆ ತಗ್ಗಿಸಿ ಒಂದು ಸೆಕೆಂಡು ತಲೆಯೆತ್ತುವವನಿಗೆ ಏನು ಕಂಡೀತು?

ಅವನು ಆ ಹಾಳೆಯನ್ನು ಕಟ್ಟಿನ ತಳಕ್ಕೆ ಸೇರಿಸಿದ. ಬೇರೆ ನಾಲ್ಕನ್ನು ಓದಿದ. ಮಗಳ ಪರೀಕ್ಷೆಯ ಫಲಿತಾಂಶಕ್ಕೆ ಕಾದದ್ದು, ಆಸ್ಪತ್ರೆಯ ಬಾಗಿಲಲ್ಲಿ ಕಾದದ್ದು. ಹಾಜರಿ ಮೇಷ್ಟ್ರದು ತರಬೇತಿ ಮುಗಿಯಲು ಕಾದದ್ದು. ಅದು ಎಲ್ಲಕ್ಕಿಂತ ಚೆನ್ನಾಗಿತ್ತು. ಕೊನೆಯ ಸಾಲಿನ ಕಡೆ ಅವನು ನೋಡಲಿಲ್ಲ.

ಇನ್ನು ಹತ್ತು ನಿಮಿಷವಿತ್ತು. ಪ್ರಶ್ನೆಗಳಿದ್ದರೆ ಕೇಳಿ ಎಂದ. ನಡುವಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ಕೆಲಸಕ್ಕೆ ಸೇರಿ ಮೂರು ತಿಂಗಳೂ ಆಗಿರದ ಹೊಸ ಟೀಚರ್. ಬೆಳಿಗ್ಗೆಯಿಂದ ಒಂದು ಮಾತೂ ಬಿಡದೆ ಬರೆದುಕೊಂಡಿದ್ದಳು.

"ಸರ್, ನೀವು ಕಾಯಿರಿ ಅಂತೀರಿ. ನಾನು ಕಾದೆ ಅಂತಲೇ ಇಟ್ಕೊಳಿ. ಪಾಠ ನೋಡಕ್ಕೆ ಬರೋರ ಕೈಲಿ ಈಗ್ಲೂ ಅದೇ ಫಾರಂ ಇದೆಯಲ್ಲ, ಮೂರು ಕಾಲಂದು. ನಾನು ಕಾದಿದ್ದೆಲ್ಲ ಮೂರನೇ ಕಾಲಂಗೆ ಹೋಗುತ್ತಲ್ವಾ?"

ಕೋಣೆಯಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಹಾಜರಿ ಮೇಷ್ಟ್ರು ಸಹ ನೀಡಿದ ಕಾಲನ್ನು ಎಳೆದುಕೊಂಡರು.

"ಯಾವುದೋ ಸ್ಕೂಲಲ್ಲಿ ಹಾಗೇ ಆಯ್ತಂತೆ ಸರ್" ಎಂದು ಅವಳು ಮುಂದುವರಿಸಿದಳು. "ಒಬ್ಬರು ಟೀಚರು ಹೀಗೇ ಕಾಯ್ತಿದ್ರಂತೆ, ನೀವು ಹೇಳಿಕೊಟ್ಟ ಹಾಗೇ. ಅವರನ್ನ ಕ್ಲಾಸಿಂದಾನೇ ತೆಗೆದುಬಿಟ್ರಂತೆ. ಅದಕ್ಕೆ ಕೇಳ್ತಿದ್ದೀನಿ. ಆ ಟೀಚರ್ ಮಾಡಿದ್ದು ತಪ್ಪಾ, ಅಲ್ಲ ಗುರುತು ಹಾಕ್ದೋರದ್ದು ತಪ್ಪಾ?"

ಅವನು ಬಾಯಿ ತೆರೆದ. ಉತ್ತರ ಉದ್ದದ್ದೇನೂ ಅಲ್ಲ. ಎರಡು ಮಾತು. ಬೆಳಿಗ್ಗೆ ಮೆಟ್ಟಿಲ ಮೇಲೆ ನಾಲ್ಕು ಬಾರಿ ಅಂದುಕೊಂಡಿದ್ದ ಮಾತೇ. ಈಗ ಯಾವಾಗ ಹೇಳಲಿ ಎಂಬ ಚಿಂತೆಯೂ ಇರಲಿಲ್ಲ. ಪ್ರಶ್ನೆ ತಾನಾಗಿ ಬಂದು ಮುಂದೆ ನಿಂತಿತ್ತು. ಆದರೆ ಮಾತು ಅಕ್ಷರ ಅಕ್ಷರವಾಗಿ ನಿಂತಿತೇ ಹೊರತು ಕೈಹಿಡಿದು ಮುಂದೆ ಬರಲಿಲ್ಲ.

ಅವನ ಕಣ್ಣು ಕೊನೆಯ ಸಾಲಿಗೆ ಹೋಯಿತು. ಅಕ್ಕ ಅವನ ಮುಖ ನೋಡುತ್ತಿರಲಿಲ್ಲ. ಕುರ್ಚಿಯ ಹಲಗೆಯ ಮೇಲೆ ಪೆನ್ಸಿಲ್ ಅಡ್ಡ ಇಟ್ಟುಕೊಂಡು ಅದರ ತುದಿಯನ್ನೇ ನೋಡುತ್ತಾ ಅಲ್ಲಾಡದೆ ಕೂತಿದ್ದಳು. ಆ ಕೂರುವಿಕೆಯ ಪರಿಚಯ ಅವನಿಗಿದ್ದಷ್ಟು ಇನ್ನಾರಿಗೂ ಇರಲಿಲ್ಲ.

ಅರ್ಧ ನಿಮಿಷವಾಯಿತು. ಒಂದು ನಿಮಿಷವಾಯಿತು. ಹೊಸ ಟೀಚರಿಗೆ ಇರಿಸುಮುರಿಸಾಯಿತು. ಪಕ್ಕಕ್ಕೆ ತಿರುಗಿ, "ನಾನೇನಾದ್ರೂ ತಪ್ಪು ಕೇಳಿದ್ನಾ?" ಎಂದು ಪಿಸುಗುಟ್ಟಿದಳು.

"ಇರಿ" ಎಂದಳು ಅಕ್ಕ ಹಿಂದಿನಿಂದ, ತಲೆಯೆತ್ತದೆ. "ಬರ್ತಾ ಇದಾರೆ."

ಆ ಮಾತು ಕೇಳಿದವರಿಗೆ ಅದರಲ್ಲೇನೂ ಕಾಣಲಿಲ್ಲ. ಅವನಿಗೆ ಹೊಲಿಗೆ ಯಂತ್ರದ ಸದ್ದು ಕೇಳಿಸಿತು. ಅಂಗಿಯ ಒಳಗೆ ಬೆವರು ಹರಿಯಿತು. ಏಳು ವರ್ಷದ ಹುಡುಗ ಅಷ್ಟು ದೂರ ನಡೆದು ಬಂದಿದ್ದ, ಪ್ರತಿ ಸಲವೂ ಬಂದಿದ್ದ. ಐವತ್ತಕ್ಕೆ ಹತ್ತಿರವಾದ ಈ ಮನುಷ್ಯ ನಿಂತ ಜಾಗದಲ್ಲೇ ನಿಂತಿದ್ದ. ಇನ್ನೊಂದು ನಿಮಿಷ ಹೋಯಿತು. ಈಗ ಯಾರಾದರೂ ಹಿಂದಿನ ಬೆಂಚಿನಲ್ಲಿ ಫಾರಂ ಹಿಡಿದು ಕೂತಿದ್ದರೆ ಮೂರನೆಯ ಕಾಲಂಗೆ ಗುರುತು ಹಾಕುತ್ತಿದ್ದರು, ಮತ್ತು ಈ ಸಲ ಅದು ಸರಿಯಾಗಿರುತ್ತಿತ್ತು.

ಅಕ್ಕ ಪೆನ್ಸಿಲನ್ನು ಎತ್ತಿಕೊಂಡಳು. ಮಾತು ಹೊರಡುವ ಮೊದಲೇ ಎಂದೂ ಹಾಗೆ ಸೋತು ಎತ್ತಿಕೊಂಡವಳಲ್ಲ.

"ಫಾರಂ ಬದಲಾಯಿಸ್ತಾರಂತೆ, ಅಲ್ವಾ ಸರ್?" ಎಂದಳು. ದನಿ ಮಾಮೂಲಾಗಿತ್ತು. ಪದ ಬಾರದ ಮಗುವಿಗೆ ಉಳಿದವರೆಲ್ಲ ಹೇಳಿಕೊಡುವ ಹಾಗೆ ಹೇಳಿಕೊಟ್ಟಳು.

"ಹೌದು" ಎಂದ ಅವನು. "ಬದಲಾಯಿಸ್ತೀವಿ. ಅದು... ಪರಿಶೀಲನೆಯಲ್ಲಿದೆ."

"ಹಾಗಾದ್ರೆ ಟೀಗೆ ಹೊತ್ತಾಯ್ತು" ಎಂದರು ಹಾಜರಿ ಮೇಷ್ಟ್ರು. ಕುರ್ಚಿಗಳು ಹಿಂದೆ ಸರಿದವು.

ಸಂಜೆ ಕೋಣೆಗೆ ಬೀಗ ಹಾಕಿ ಕೆಳಗಿಳಿದಾಗ ಅಕ್ಕ ಎದುರಿನ ಬಸ್ ನಿಲ್ದಾಣದಲ್ಲಿ ನಿಂತಿದ್ದಳು. ಹೊಸ ಟೀಚರ್ ಅವಳ ಫೋನ್ ನಂಬರ್ ಬರೆದುಕೊಂಡು ಆಗಷ್ಟೇ ಹೊರಟಿದ್ದಳು. ಅವನು ರಸ್ತೆ ದಾಟಿ ಪಕ್ಕದಲ್ಲಿ ಹೋಗಿ ನಿಂತ.

"ಆ ಹುಡುಗಿ ಚುರುಕಾಗಿದ್ದಾಳೆ" ಎಂದಳು ಅಕ್ಕ. "ಹೋದ ಸಲ ಒಂದು ಮಗು ಓದ್ಲಿಲ್ಲ ಅಂತ ಅತ್ತುಬಿಟ್ಳಂತೆ. ನಿವೃತ್ತಿ ಆದ್ಮೇಲೆ ಅವಳ ಸ್ಕೂಲಿಗೆ ಒಂದೆರಡು ದಿನ ಬಂದು ಕೂತ್ಕೋತೀನಿ ಅಂದೆ. ಬಿಡ್ತಾರಾ ನೋಡ್ಬೇಕು."

"ಬಿಡ್ತಾರೆ. ನಾನು ಹೇಳ್ತೀನಿ."

"ನೀನು ಹೇಳೋದು ಬೇಡ ಬಿಡೋ" ಎಂದಳು. ಬೇಸರದಿಂದ ಅಂದದ್ದಲ್ಲ, ಅವನ ಭಾರ ಇಳಿಸುವ ಹಾಗೆ ಅಂದದ್ದು. ಅದೇ ಅವನಿಗೆ ಹೆಚ್ಚು ನಾಟಿತು.

ಬಸ್ಸು ದೂರದ ತಿರುವಿನಲ್ಲಿ ಕಂಡಿತು, ಸಿಗ್ನಲ್‌ನಲ್ಲಿ ನಿಂತಿತು. ಅದು ಇಲ್ಲಿಗೆ ಬರಲು ಒಂದು ನಿಮಿಷ ಬೇಕು. "ಅಕ್ಕಾ" ಎಂದ. ಅವಳು ತಿರುಗಲಿಲ್ಲ. ಅವನ ಜೊತೆಗೆ ತಾನೂ ಬಸ್ಸನ್ನೇ ನೋಡುತ್ತಾ ನಿಂತಳು.

"ನಿನ್ನ ಹಾಳೆ ಓದಿದೆ" ಎಂದ ಅವನು.

"ಹೂಂ."

"ಆ ಹುಡುಗಿ... ಯಾವ ಸಾಲು ಓದಿದ್ಲು?"

ಅಕ್ಕ ನೆನಪು ಮಾಡಿಕೊಳ್ಳಬೇಕಾಗಲಿಲ್ಲ. "ಬೆಕ್ಕು ಕುರ್ಚಿಯ ಕೆಳಗೆ ಮಲಗಿದೆ" ಎಂದಳು. ಬಸ್ಸು ಬಂದು ನಿಂತಿತು. ಅವಳು ಮೆಟ್ಟಿಲು ಹತ್ತಿ, ಕಂಬಿ ಹಿಡಿದು, ಒಮ್ಮೆ ಅವನ ಕಾಲರ್ ಕಡೆ ನೋಡಿ, ಒಳಗೆ ಹೋದಳು.

ಮುಂದಿನ ವರ್ಷ ಫಾರಂ ಬದಲಾಯಿತು. ಸಮಿತಿಯಲ್ಲಿ ಅವನೇ ಪಟ್ಟು ಹಿಡಿದು ಮೂರನೆಯ ಕಾಲಂ ತೆಗೆಸಿದ. ಕಾರಣವೆಂದು ನಡಾವಳಿಯಲ್ಲಿ 'ಕ್ಷೇತ್ರದಿಂದ ಬಂದ ಸಲಹೆ' ಎಂದು ಬರೆಸಿದ. ಪರದೆಯ ಮೂಲೆಯಿಂದ ತನ್ನ ಹೆಸರನ್ನೂ ತೆಗೆದ. ಆ ಜಾಗದಲ್ಲಿ ಬೇರೆ ಹೆಸರು ಹಾಕಲು ಕೈ ಬರಲಿಲ್ಲ. ಅಕ್ಕ ವಾರಕ್ಕೆರಡು ದಿನ ಆ ಹೊಸ ಟೀಚರ ತರಗತಿಗೆ ಹೋಗುತ್ತಿದ್ದಾಳೆಂದು ಕೇಳಿದ. ಅವಳ ಮನೆಗೆ ಅವನು ಈಗಲೂ ಹೋಗುತ್ತಾನೆ, ಟೀ ಕುಡಿಯುತ್ತಾನೆ, ಮಾತು ನಿಂತಾಗ ಇಬ್ಬರೂ ಮೇಜಿನ ಮೇಲಿನ ಯಾವುದಾದರೊಂದು ವಸ್ತುವನ್ನು ನೋಡುತ್ತಾ ಕೂರುತ್ತಾರೆ.

ಆ ಹತ್ತೊಂಬತ್ತು ನಿಮಿಷ ನೀನು ಪಾಠ ಮಾಡುತ್ತಿದ್ದೆ, ನನಗೆ ಅದು ಗೊತ್ತಿತ್ತು, ಗೊತ್ತಿದ್ದೂ ಗುರುತು ಹಾಕಿದೆ ಎಂದು ಅವನು ಅಕ್ಕನಿಗೆ ಹೇಳಲಿಲ್ಲ.